ಕರೆಯುವ ಮೊದಲೇ

ಕಾಳಿನ ಮಂಡಿಯ ಎದುರಿನ ಹೋಟೆಲಿನಲ್ಲಿ ಊಟಕ್ಕೆ ಕೂತವರು ಯಾರೂ ನೀರಿಗೆಂದು ಕೂಗಿದ್ದಿಲ್ಲ. ಕೂಗುವ ಪ್ರಮೇಯವೇ ಬರುತ್ತಿರಲಿಲ್ಲ. ಲೋಟದ ತಳ ಕಾಣುವ ಹೊತ್ತಿಗೆ ಪಕ್ಕದಿಂದ ಒಂದು ಕೈ ಬಂದು ತುಂಬಿಸಿರುತ್ತಿತ್ತು. ತುಂಬಿಸಿದವರು ಯಾರೆಂದು ತಲೆಯೆತ್ತಿದರೆ, ಆ ಕೈಯ ಮನುಷ್ಯ ಆಗಲೇ ಆಚೆ ಮೇಜಿನಲ್ಲಿ ಬಗ್ಗಿ ಇನ್ಯಾರದೋ ತಟ್ಟೆಗೆ ಬೇಳೆ ಬಡಿಸುತ್ತಿರುತ್ತಿದ್ದ.

ಅವನನ್ನು ಮಂಡಿಯ ಮಂದಿಯೆಲ್ಲ ಮೆತ್ತಣ್ಣ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಒಲೆಯ ಮುಂದಿನ ಅಡುಗೆ ಅಕ್ಕ. ಅವನು ಹೊಸದಾಗಿ ಸೇರಿದ್ದಾಗ ಒಮ್ಮೆ ಸದ್ದಿಲ್ಲದೆ ಬಂದು ಅವಳ ಬೆನ್ನ ಹಿಂದೆ ನಿಂತಿದ್ದ. ತಿರುಗಿದವಳು ಬೆಚ್ಚಿ ಸೌಟನ್ನೇ ಕೆಳಗೆ ಹಾಕಿದ್ದಳು. "ಕಾಲಿಗೊಂದು ಗೆಜ್ಜೆಯಾದ್ರೂ ಕಟ್ಕೊಳ್ಳೋ! ನನ್ನ ಜೀವ ಹೋದ್ರೆ ಇಷ್ಟು ಜನಕ್ಕೆ ನೀನು ಬೇಯಿಸಿ ಹಾಕ್ತೀಯಾ?" ಎಂದು ಬೈದು, ಮೆತ್ತಗೆ ನಡೆಯುವವನು ಮೆತ್ತಣ್ಣ ಎಂದು ನಾಮಕರಣ ಮಾಡಿಬಿಟ್ಟಳು. ಈಗ ಅವನ ತಲೆ ಅರ್ಧಕ್ಕರ್ಧ ನರೆತಿತ್ತು. ಹೆತ್ತವರಿಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗಿ ನೋಡುವ ಅಭ್ಯಾಸವೂ ತಪ್ಪಿಹೋಗಿತ್ತು.

ಅವನು ಕುರಿ ಸಾಕುವ ಮನೆಯಿಂದ ಬಂದವನು. ಬಾಯಿಲ್ಲದ ಜೀವಕ್ಕೆ ಏನು ಬೇಕೆಂದು ನೋಡಿಯೇ ತಿಳಿಯುವುದು ಅವನಿಗೆ ಎಳವೆಯಿಂದ ಬಂದ ಗುಣ. ಮಿಕ್ಕದ್ದನ್ನೆಲ್ಲ ಕಲಿಸಿದವರು ಆ ಹೋಟೆಲು ಕಟ್ಟಿದ ದೊಡ್ಡ ಯಜಮಾನರು. "ಗಿರಾಕಿ ಬಾಯಿಬಿಟ್ಟು ಕೇಳಿದ ಅಂದ್ರೆ ನಮ್ಮ ಮರ್ಯಾದೆ ಹೋದ ಹಾಗೆ," ಎನ್ನುತ್ತಿದ್ದರು ಅವರು. "ಉಣ್ಣೋನ ಮುಖ ನೋಡಬೇಡ, ತಟ್ಟೆ ನೋಡು. ಮುಖ ನೋಡ್ತಾ ನಿಂತ್ರೆ ಯಾರಿಗೂ ತುತ್ತು ಇಳಿಯಲ್ಲ. ಕೈಯಿಂದ ಏನಾದ್ರೂ ಬಿತ್ತಾ, ಬಿದ್ದದ್ದು ಪಕ್ಕದವರಿಗೆ ಕಾಣೋ ಮೊದಲೇ ಎತ್ತು. ಊಟ ಮುಗೀತು ಅಂತ ಯಾರನ್ನೂ ಎಬ್ಬಿಸಬೇಡ. ಅವನಾಗಿ ಏಳೋ ತನಕ ಕುರ್ಚಿ ಅವನದೇ." ದೊಡ್ಡ ಯಜಮಾನರು ಕಣ್ಮುಚ್ಚಿ, ಅವರ ಮಗ ಸಣ್ಣ ಯಜಮಾನ ಗಲ್ಲಾದ ಹಿಂದೆ ಬಂದು ಕೂತ ಮೇಲೂ ಮೆತ್ತಣ್ಣ ಈ ಮಾತುಗಳನ್ನು ಎಳ್ಳಷ್ಟೂ ಮೀರಿರಲಿಲ್ಲ.

ಕುರ್ಚಿಯ ಮಾತು ಎಲ್ಲರಿಗಿಂತ ಹೆಚ್ಚಾಗಿ ಒದಗಿದ್ದು ತಕ್ಕಡಿ ಅಜ್ಜನಿಗೆ. ಅಜ್ಜ ಮಂಡಿಯಲ್ಲಿ ಕಾಳು ತೂಗುತ್ತಿದ್ದವರು. ಅವರು ಮುಳ್ಳು ನೋಡಿ ಹೇಳಿದ ಮೇಲೆ ಬೆಳೆದವನೂ ಕೊಳ್ಳುವವನೂ ಎದುರಾಡುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಕೆಲಸ ಬಿಟ್ಟ ಮೇಲೂ, ಮಧ್ಯಾಹ್ನದ ಊಟಕ್ಕೆ ತಪ್ಪದೆ ಇಲ್ಲಿಗೇ ಬರುತ್ತಿದ್ದರು. ಬಟ್ಟೆ ಹೊಲಿಯುವ ಮಗಳು ಜೊತೆಗೇ ಇದ್ದಳು. ಮನೆಯಲ್ಲೇ ಉಣ್ಣಿ ಎಂದು ಅವಳು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

"ಅವಳು ಚೆನ್ನಾಗೇ ಮಾಡ್ತಾಳೆ ತಮ್ಮಾ," ಎಂದಿದ್ದರು ಒಮ್ಮೆ ಮೆತ್ತಣ್ಣನಿಗೆ. "ಆದ್ರೆ ಎದುರಿಗೆ ಕೂತು ಮುಖಾನೇ ನೋಡ್ತಾಳೆ. ಉಪ್ಪು ಸಾಕಾ, ಖಾರ ಆಯ್ತಾ, ಯಾಕೆ ಬೆವರ್ತಿದೀರಾ, ಯಾಕೆ ಕೆಮ್ಮಿದ್ರಿ. ಪೊಲೀಸಿನವರ ಮುಂದೆ ಉಂಡ ಹಾಗಾಗುತ್ತೆ. ನೀನು ನೋಡು, ಇದ್ದೂ ಇಲ್ಲದ ಹಾಗಿರ್ತೀಯ."

ಈ ಮಾತನ್ನು ಮೆತ್ತಣ್ಣ ಅಂದು ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದ. ಅವಳು, "ಮನೇಲೂ ನೀವು ಹಾಗೇ ಅಲ್ವಾ, ಇದ್ದೂ ಇಲ್ಲದ ಹಾಗೆ," ಎಂದು ನಕ್ಕಿದ್ದಳು.

ಉಂಡು, ಕೈತೊಳೆದು, ಮತ್ತೆ ಅದೇ ಮೂಲೆಯ ಕುರ್ಚಿಗೆ ಬಂದು ಗೋಡೆಗೆ ಒರಗಿ ಒಂದು ಜೊಂಪು ತೆಗೆಯುವುದು ಅಜ್ಜನ ರೂಢಿ. ಆಗ ಮೆತ್ತಣ್ಣ ಪಕ್ಕದ ಕಿಟಕಿಯ ಬಾಗಿಲನ್ನು ಅರ್ಧ ಮುಚ್ಚುತ್ತಿದ್ದ. ಮೇಜಿನ ಆಚೆ ಬದಿಗೆ ಯಾರೂ ಬಂದು ಕೂರದಂತೆ ಒಂದು ಖಾಲಿ ತಟ್ಟೆ ಬೋರಲು ಹಾಕುತ್ತಿದ್ದ. ಸಣ್ಣ ಯಜಮಾನನಿಗೆ ಇದು ಸರಿಬರುತ್ತಿರಲಿಲ್ಲ. "ಇದೇನು ಹೋಟೆಲಾ, ಛತ್ರಾನಾ?" ಎಂದು ಗೊಣಗುತ್ತಿದ್ದ. ಆದರೆ ಅಪ್ಪನ ಕಾಲದಿಂದ ನಡೆದು ಬಂದದ್ದು. ಬಾಯಿಬಿಟ್ಟು ನಿಲ್ಲಿಸುವ ಧೈರ್ಯ ಅವನಿಗೂ ಇರಲಿಲ್ಲ.

ಒಂದು ಸಂತೆಯ ದಿನ ಆ ಮುದುಕರ ಜೀವ ಈ ಮೆತ್ತಗಿನ ಕೈಗಳ ಮೇಲೆ ಬಂದು ನಿಂತಿತು. ಕೈಗಳಿಗೆ ಅದು ಗೊತ್ತಾಗಲಿಲ್ಲ.

ಅವತ್ತು ಬೆಳಗ್ಗೆಯಿಂದಲೇ ಹೋಟೆಲು ತುಂಬಿ ತುಳುಕುತ್ತಿತ್ತು. ಹೊರಗಿನಿಂದ ಕಾಳು ಕೊಳ್ಳುವ ವ್ಯಾಪಾರಿಗಳ ತಂಡವೊಂದು ಬಂದಿಳಿದಿತ್ತು. ಅವರು ಮಧ್ಯಾಹ್ನ ಇಲ್ಲೇ ಉಣ್ಣುವವರಿದ್ದರು. ಊಟ ಮನಸ್ಸಿಗೆ ಹಿಡಿಸಿದರೆ ಸುಗ್ಗಿ ಮುಗಿಯುವ ತನಕ ಅವರ ಆಳುಕಾಳುಗಳೂ ಸೇರಿ ಎಲ್ಲರ ಊಟ ಇಲ್ಲೇ. ಸಣ್ಣ ಯಜಮಾನ ಹೊಸ ಅಂಗಿ ತೊಟ್ಟು ಬಂದಿದ್ದ. "ಮೆತ್ತಣ್ಣ, ಇವತ್ತು ಒಂದು ಸೌಟು ಕೆಳಗೆ ಬಿದ್ದ ಸದ್ದು ಬರಬಾರದು," ಎಂದು ಬಾಗಿಲು ತೆರೆಯುವಾಗಲೇ ಹೇಳಿದ್ದ.

ತಕ್ಕಡಿ ಅಜ್ಜ ದಿನಕ್ಕಿಂತ ಬೇಗ ಬಂದರು. ಒಳಬರುವಾಗ ಅವರ ಬಲಭುಜ ಬಾಗಿಲ ಚೌಕಟ್ಟಿಗೆ ತಗುಲಿತು. ಸಂತೆಯ ನೂಕುನುಗ್ಗಲು, ಯಾರೋ ತಳ್ಳಿರಬೇಕೆಂದುಕೊಂಡ ಮೆತ್ತಣ್ಣ ಓಡಿಹೋಗಿ ಕೈಹಿಡಿಯಲಿಲ್ಲ. ನಾಲ್ಕು ಜನರೆದುರು ಕೈಹಿಡಿದರೆ ಮುದುಕರಿಗೆ ನಾಚಿಕೆ. ಅದರ ಬದಲು ಕುರ್ಚಿಯನ್ನು ಒಂದಿಷ್ಟು ಹೊರಕ್ಕೆಳೆದು, ಅಜ್ಜ ಬೀಳುವಂತೆ ಕೂತರೂ ಅದು ಕೂತಂತೆಯೇ ಕಾಣುವ ಹಾಗೆ ಮಾಡಿದ.

"ತಮ್ಮಾ," ಎಂದರು ಅಜ್ಜ. "ಇವತ್ತು... ಸ್ವಲ್ಪ..."

ಮಾತು ಅಲ್ಲಿಗೇ ನಿಂತಿತು. ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗಿತ್ತು. ಹಲ್ಲಿನ ನೋವು ಅವರಿಗೆ ಹಳೆಯದು.

"ಗೊತ್ತಾಯ್ತು ಅಜ್ಜ. ಸ್ವಲ್ಪ ಮೆತ್ತಗೆ ಬೆಂದಿದ್ದು ತಾನೇ? ತರ್ತೀನಿ," ಎಂದ ಮೆತ್ತಣ್ಣ. ಗಿರಾಕಿ ಮಾತಿಗೆ ತಡವರಿಸಿದರೆ ಆ ಮಾತನ್ನು ತಾನೇ ಎತ್ತಿಕೊಡುವುದೂ ಬಡಿಸುವುದರಲ್ಲೇ ಸೇರಿತ್ತು. ಅಜ್ಜ ಇಲ್ಲವೆಂಬಂತೆ ತಲೆಯಾಡಿಸಿದ್ದು ಅವನಿಗೆ ಕಾಣಲಿಲ್ಲ. ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಅಡುಗೆಮನೆಯತ್ತ ಹೊರಟಾಗಿತ್ತು.

ತಟ್ಟೆ ಬಂತು. ಅಜ್ಜ ರೊಟ್ಟಿ ಮುರಿಯಹೋದರು. ಅದು ಬೆರಳುಗಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಮಂಡಿಯಲ್ಲಿ ಮಧ್ಯಾಹ್ನದ ಹರಾಜಿನ ಗಂಟೆ ಹೊಡೆದದ್ದೂ ಆಗಲೇ. ಗಂಟೆ ನಿಲ್ಲುವ ಮೊದಲೇ ಮೆತ್ತಣ್ಣ ಬಿದ್ದ ರೊಟ್ಟಿಯನ್ನು ಎತ್ತಿ, ಇನ್ನೊಂದನ್ನು ತಟ್ಟೆಯಲ್ಲಿಟ್ಟಿದ್ದ. ಅದೂ ಬಿತ್ತು. ಈ ಸಲ ಅವನು ಅಡುಗೆಮನೆಯಲ್ಲೇ ರೊಟ್ಟಿಯನ್ನು ಸಣ್ಣಗೆ ಚೂರುಮಾಡಿ, ಬೇಳೆಯಲ್ಲಿ ನೆನೆಸಿ, ಚಮಚದ ಸಮೇತ ತಂದು ಅಜ್ಜನ ಎಡಗೈಯ ಹತ್ತಿರ ಇಟ್ಟ. ಯಾವ ಕೈ ಆಡುತ್ತಿದೆಯೆಂದು ಅವನ ಕಣ್ಣು ನೋಡಿತ್ತು. ಇನ್ನೊಂದು ಯಾಕೆ ಆಡುತ್ತಿಲ್ಲವೆಂದು ಕೇಳಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ. ವ್ಯಾಪಾರಿಗಳು ಆಗತಾನೇ ಬಾಗಿಲಲ್ಲಿ ಚಪ್ಪಲಿ ಕೊಡವುತ್ತಿದ್ದರು.

ಲೋಟ ಉರುಳಿತು. ಒರೆಸಿದ. ಅಂಗಿಯ ಮೇಲೆ ಬೇಳೆ ಚೆಲ್ಲಿತು. ಎದೆಯ ಮೇಲೊಂದು ಶುಭ್ರ ಬಟ್ಟೆ ಹೊದಿಸಿದ. ಪ್ರತಿ ಸಲವೂ ಅವನ ಕಣ್ಣು ತಟ್ಟೆಯ ಮೇಲೆ, ಮೇಜಿನ ಮೇಲೆ, ಅಂಗಿಯ ಗುಂಡಿಯ ತನಕ. ಅದಕ್ಕಿಂತ ಮೇಲೆ ಹೋಗಲಿಲ್ಲ. ಊಟ ಅರ್ಧಕ್ಕೇ ನಿಂತಿತು. ಅಜ್ಜ ಕೈತೊಳೆಯಲು ಏಳದಿದ್ದಾಗ ಮೊಣಕಾಲು ನೋವು ಎಂದುಕೊಂಡು, ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು, ಆ ಬಲಗೈಯನ್ನು ತಾನೇ ಎತ್ತಿ ತೊಳೆದ. ಕೈ ನೆನೆದ ಗೋಣಿಯಂತೆ ಭಾರವಾಗಿತ್ತು. "ಸಂತೆ ದಿನ ಅಲ್ವಾ ಅಜ್ಜ, ಸುಸ್ತು," ಎಂದು ಒರೆಸಿ ತೊಡೆಯ ಮೇಲಿಟ್ಟ. ಕಿಟಕಿ ಅರ್ಧ ಮುಚ್ಚಿದ. ಎದುರಿನ ತಟ್ಟೆ ಬೋರಲು ಹಾಕಿದ.

ಯಾರಿಗೂ ಏನೂ ಕಾಣಲಿಲ್ಲ. ಅಷ್ಟು ಚೊಕ್ಕಟವಾಗಿತ್ತು ಅವನ ಕೆಲಸ.

ಪಕ್ಕದ ಮೇಜಿಗೆ ಒಬ್ಬ ಹೆಂಗಸು ಸಣ್ಣ ಮಗಳನ್ನು ಕರೆದುಕೊಂಡು ಬಂದು ಕೂತಳು. ಮಗು ಉಣ್ಣುವುದು ಬಿಟ್ಟು ಮೂಲೆಯನ್ನೇ ನೋಡತೊಡಗಿತು. ತಾಯಿಯೂ ತಿರುಗಿ ನೋಡಿದಳು. ಮೆತ್ತಣ್ಣ ಅನ್ನ ತಂದಾಗ ಅವಳು ದನಿ ತಗ್ಗಿಸಿ, "ಅಣ್ಣ, ಅವರು ಹುಷಾರಾಗಿದಾರಾ? ಒಂದು ಥರಾ ಕಾಣ್ತಾರೆ," ಎಂದಳು.

"ದಿನಾ ಹಾಗೇ ಅಮ್ಮ. ಊಟ ಆದ ಮೇಲೆ ಅವರಿಗೊಂದು ಜೊಂಪು."

"ಅಮ್ಮ, ಅಜ್ಜ ಕಣ್ಣು ಬಿಟ್ಕೊಂಡಿದಾರೆ," ಎಂದಿತು ಮಗು.

"ಕೆಲವರು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾರೆ ಪುಟ್ಟಿ. ನಮ್ಮೂರ ಕುರಿಗಳೆಲ್ಲ ಹಾಗೇನೇ," ಎಂದು ಮೆತ್ತಣ್ಣ ನಕ್ಕ. ಮಗು ನಗಲಿಲ್ಲ. ಉಣ್ಣುವವರಿಗೆ ಕಸಿವಿಸಿಯಾಗಬಾರದು, ನಿದ್ದೆ ಮಾಡುವವರ ಮುಖವನ್ನು ಪರರು ನೋಡುವುದೂ ಸರಿಯಲ್ಲ. ಗೋಡೆಗೆ ಒರಗಿಸಿಟ್ಟಿದ್ದ, ಚೌಕಟ್ಟಿಗೆ ಬಟ್ಟೆ ಬಿಗಿದ ಮರೆಯನ್ನು ತಂದು ಆ ಎರಡು ಮೇಜುಗಳ ನಡುವೆ ನಿಲ್ಲಿಸಿದ. ಹೆಂಗಸು ಇನ್ನೇನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಅಷ್ಟು ವರ್ಷದ ಅನುಭವಸ್ಥ ಹೇಳುತ್ತಿದ್ದಾನೆ, ನಡುವೆ ಬಾಯಿ ಹಾಕಲು ತಾನು ಯಾರು ಎನಿಸಿರಬೇಕು. ಉಂಡು, ಮಗುವಿನ ಬಾಯೊರೆಸಿ, ಎದ್ದು ಹೋದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು.

ವ್ಯಾಪಾರಿಗಳ ಊಟ ನಿಧಾನದ ಊಟ. ಬಡಿಸಿದ್ದನ್ನು ಮೂಸುವರು, ಹರಟುವರು, ಮತ್ತೆ ಕೈಯಾಡಿಸುವರು. ಮೆತ್ತಣ್ಣ ಮೈಯೆಲ್ಲ ಕಣ್ಣಾಗಿ ಓಡಾಡಿದ. ಅವರಲ್ಲಿ ಹಿರಿಯನೊಬ್ಬ ಗಲ್ಲಾದ ಕಡೆ ತಿರುಗಿ, "ನಿಮ್ಮ ಸಪ್ಲೈಯರ್ ಮನುಷ್ಯನಾ, ದೆವ್ವಾನಾ? ಮನಸ್ಸಿನಲ್ಲಿ ಅಂದ್ಕೊಂಡಿದ್ದು ತಟ್ಟೇಲಿರುತ್ತಲ್ರೀ!" ಎಂದ. ಎಲ್ಲರೂ ನಕ್ಕರು. ಸಣ್ಣ ಯಜಮಾನನ ಮುಖ ಅರಳಿತು. ಮೆತ್ತಣ್ಣನಿಗೂ ಒಳಗೊಳಗೇ ಹಿತವಾಗದೆ ಇರಲಿಲ್ಲ.

ಅಷ್ಟರಲ್ಲಿ ಅವರ ಪೈಕಿ ಇನ್ನೊಬ್ಬ ತಡವಾಗಿ ಬಂದು ಬಾಗಿಲಲ್ಲಿ ನಿಂತ. ಮೂಲೆಯ ಮೇಜು ಬಿಟ್ಟರೆ ಹೋಟೆಲಿನಲ್ಲಿ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಸಣ್ಣ ಯಜಮಾನ ಮೂಲೆಯ ಕಡೆ ಕಣ್ಸನ್ನೆ ಮಾಡಿದ. ಮೆತ್ತಣ್ಣ ಕಾಣದವನಂತೆ ನೀರಿನ ಜಗ್ಗು ಎತ್ತಿಕೊಂಡ. ಯಜಮಾನ ಎದ್ದು ಹತ್ತಿರ ಬಂದು ಹಲ್ಲು ಕಚ್ಚಿ, "ಇವತ್ತೊಂದು ದಿನ ಎಬ್ಬಿಸು. ನಿನ್ನ ಕಾಲಿಗೆ ಬೀಳ್ತೀನಿ," ಎಂದ.

ಬೇರೆ ದಾರಿ ಇರಲಿಲ್ಲ. ಮೆತ್ತಣ್ಣ ಮರೆಯ ಹಿಂದೆ ಹೋಗಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಉಂಡು ಕೂತವರನ್ನು ಎಬ್ಬಿಸಲು ಬಗ್ಗಿ ಮುಖ ನೋಡಿದ.

ಬಾಯಿ ಬಲಕ್ಕೆ ಜೋತುಬಿದ್ದಿತ್ತು. ಆ ಮೂಲೆಯಿಂದ ಜೊಲ್ಲು ಇಳಿದು, ಎದೆಯ ಮೇಲೆ ಅವನೇ ಹೊದಿಸಿದ್ದ ಬಟ್ಟೆ ನೆನೆದಿತ್ತು. ಎಡಗಣ್ಣು ಪೂರ್ತಿ ತೆರೆದಿತ್ತು. ಅದು ನಿದ್ದೆಯ ಕಣ್ಣಲ್ಲ, ಅವನನ್ನೇ ನೋಡುತ್ತಿತ್ತು. ಎಡಗೈಯ ಉಗುರುಗಳು ಮೇಜಿನ ಹೊದಿಕೆಯ ಅಂಚನ್ನು ಕೆರೆಯುತ್ತಿದ್ದವು. ಕೆರೆದು ಕೆರೆದು ಅಲ್ಲಿ ಹೊದಿಕೆ ಹರಿದು ಒಳಗಿನ ಮರ ಕಾಣುತ್ತಿತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ.

ಮೆತ್ತಣ್ಣ ಅವರ ಭುಜ ಹಿಡಿದ. "ಅಜ್ಜ," ಎಂದ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದ.

ಹಿಂದೆಯೇ ಬಂದ ಸಣ್ಣ ಯಜಮಾನನೂ ಕಂಡ.  ಮರೆಯನ್ನು ಇನ್ನಷ್ಟು ಎಳೆದು, "ಉಸಿರಾಡ್ತಾ ಇದಾರಾ?" ಎಂದ.

"ಇದಾರೆ. ಆಸ್ಪತ್ರೆಗೆ ಒಯ್ಯಬೇಕು. ಈಗಲೇ."

"ಹಿಂದಿನ ಓಣೀಲಿ ಒಯ್ಯಿ."

"ಓಣಿ ತುಂಬಾ ಮೂಟೆ ಗಾಡಿ ನಿಂತಿವೆ. ಆಳೊಬ್ಬ ಅಡ್ಡಡ್ಡ ನುಸುಳೋಕೂ ಜಾಗ ಇಲ್ಲ. ಮುಂದಿನಿಂದಾನೇ ಆಗಬೇಕು."

ಯಜಮಾನ ಮರೆಯ ಸಂದಿಯಿಂದ ಆಚೆ ನೋಡಿದ. "ಇನ್ನೇನು ಮೊಸರಿಗೆ ಬಂದ್ರು. ಅವರು ಏಳಲಿ. ಉಣ್ಣೋರ ಮುಂದೆ ಹೀಗೆ ಹೊತ್ಕೊಂಡು ಹೋದ್ರೆ ನಾಳೆ ಇಲ್ಲಿಗೆ ಯಾರು ಬರ್ತಾರೆ? ಇಷ್ಟು ಹೊತ್ತು ಇದ್ದಾರಲ್ಲ, ಇನ್ನೊಂದು ಗಳಿಗೆ. ನೀನು ಮೊಸರು ಬಡಿಸು, ಹೋಗು. ನಾನಿಲ್ಲಿ ನಿಂತಿರ್ತೀನಿ."

ಮೆತ್ತಣ್ಣ ಹೋದ. ಹೋಗಬಾರದೆಂದು ಮನಸ್ಸು ಹೇಳುತ್ತಿದ್ದರೂ ಕಾಲು ಹೋಯಿತು. ಮರೆಯಿಂದ ಹೊರಬಿದ್ದಾಗ ಒಬ್ಬ ವ್ಯಾಪಾರಿಯ ಲೋಟದ ತಳ ಕಾಣುತ್ತಿತ್ತು; ಕೈ ತಾನಾಗಿ ಜಗ್ಗು ಬಗ್ಗಿಸಿ ತುಂಬಿಸಿತು. ಪಕ್ಕದವನದ್ದನ್ನೂ ತುಂಬಿಸಿತು. ಮೂರನೆಯ ಲೋಟಕ್ಕೆ ಬಗ್ಗಿದಾಗ ಮರೆಯ ಆಚೆಯಿಂದ ಉಗುರಿನ ಸದ್ದು ಕೇಳಿಸಿತು. ಇಲಿ ಕೆರೆದ ಹಾಗೆ, ತೀರಾ ಸಣ್ಣದು. ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ.

ಅವನು ಜಗ್ಗನ್ನು ತಟ್ಟೆಗಳ ನಡುವೆಯೇ ಕುಕ್ಕಿದ. ಮೊಸರಿನ ಬಟ್ಟಲು ಉರುಳಿತು.

"ಒಂದು ಜೀವ ಹೋಗ್ತಾ ಇದೆ!" ಎಂದು ಕೂಗಿದ. ಹಳ್ಳದ ಆಚೆ ದಡಕ್ಕೆ ಹೋದ ಕುರಿಗಳನ್ನು ಹಿಂದಕ್ಕೆ ಕರೆಯುವ ಕೂಗು ಅದು. ಅಂಥ ದನಿ ಅವನಲ್ಲಿದೆಯೆಂದು ಹೋಟೆಲಿನ ಗೋಡೆಗಳಿಗೂ ಗೊತ್ತಿರಲಿಲ್ಲ. "ಯಾರಾದ್ರೂ ಕೈ ಕೊಡಿ! ಯಾರ ಹತ್ರ ಗಾಡಿ ಇದೆ? ಏಳಿ, ಏಳ್ರೋ!"

ಬಾಯಿಗಳು ನಿಂತವು. ಯಾರೂ ಏಳಲಿಲ್ಲ. ತುತ್ತು ಹಿಡಿದ ಕೈಗಳು ತಟ್ಟೆಗೂ ಬಾಯಿಗೂ ನಡುವೆ ನಿಂತಿದ್ದವು. ಎಂಜಲು ಕೈಯಲ್ಲಿ ಏಳುವುದು ಹೇಗೆಂದು ಯೋಚಿಸುವಂತೆ ಒಬ್ಬರ ಮುಖ ಒಬ್ಬರು ನೋಡಿದರು. ಆಗಷ್ಟೇ ಹೊಗಳಿದ್ದ ಹಿರಿಯ, "ಇದೇನ್ರೀ, ಊಟ ಮಾಡೋ ಕಡೆ!" ಎಂದು ಬಟ್ಟೆಗೆ ತಗುಲಿದ ಮೊಸರು ಕೊಡವಿಕೊಂಡ. ಬಂದವಳು ಅಡುಗೆ ಅಕ್ಕ. ಮೊಣಕೈ ತನಕ ಹಿಟ್ಟು ಮೆತ್ತಿದ ಕೈಗಳಲ್ಲೇ ಒಳಗಿನಿಂದ ಓಡಿಬಂದು, ಮರೆಯನ್ನು ಒದ್ದು ಬೀಳಿಸಿ, ಯಜಮಾನನನ್ನು ಪಕ್ಕಕ್ಕೆ ನೂಕಿ ಅಜ್ಜನ ಕಾಲು ಹಿಡಿದಳು. ಮೆತ್ತಣ್ಣ ಕಂಕುಳಿಗೆ ಕೈಹಾಕಿ ಎತ್ತಿದ. ಹೊಟ್ಟೆ ತುಂಬಿದ ಜನ ಕುರ್ಚಿ ಎಳೆದುಕೊಂಡು ದಾರಿಬಿಟ್ಟರು. ಹೊರಗೆ ಚಹಾ ಕುಡಿಯುತ್ತಿದ್ದ ಸಾಮಾನು ಗಾಡಿಯವನು ಒಂದು ಮಾತೂ ಕೇಳದೆ ಲೋಟ ಎಸೆದು ಗಾಡಿ ಶುರುಮಾಡಿದ.

ಆ ಊರಿನದು ಸಣ್ಣ ಆಸ್ಪತ್ರೆ. ಒಬ್ಬಳೇ ಡಾಕ್ಟರು, ಸಣ್ಣ ವಯಸ್ಸಿನವಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಕೈ ಎತ್ತಿ ಬಿಟ್ಟಳು, ಪಾದ ಗೀರಿದಳು. ಅಷ್ಟರಲ್ಲಿ ಸುದ್ದಿ ಮುಟ್ಟಿ ಅಜ್ಜನ ಮಗಳು ಓಡುತ್ತಾ ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ತಲೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು," ಎಂದಳು ಡಾಕ್ಟರು. "ಅದನ್ನ ಕರಗಿಸೋಕೆ ಇಂಜೆಕ್ಷನ್ ಇದೆ. ಇಲ್ಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಮೂರು ಗಂಟೆ ದಾರಿ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಟ್ರೆ ಮಾತ್ರ ಅದು. ಮೀರಿದ ಮೇಲೆ ಕೊಟ್ರೆ ತಲೆ ಒಳಗೆ ರಕ್ತನಾಳ ಒಡೆದು ಅದೇ ಕೊಂದುಬಿಡುತ್ತೆ. ಇದು ಶುರುವಾಗಿದ್ದು ಯಾವಾಗ? ಜೊತೆಗಿದ್ದೋರು ಯಾರು?"

ಮಗಳು ಮೆತ್ತಣ್ಣನ ಕಡೆ ತಿರುಗಿದಳು. "ಈಗಷ್ಟೇ ಅಲ್ವಾ ಅಣ್ಣ? ಹೋಟೆಲಲ್ಲಿ ಇದ್ದಕ್ಕಿದ್ದ ಹಾಗೆ ಆಯ್ತು ಅಂದ್ರು ಗಾಡಿಯವರು. ನೀವು ಪಕ್ಕದಲ್ಲೇ ಇದ್ರಂತೆ. ಈಗಷ್ಟೇ ಅಂತ ಹೇಳಿ."

ಅವಳ ಕಣ್ಣಲ್ಲಿ ಆಸೆಯಿತ್ತು. ಈಗಷ್ಟೇ ಎಂದರೆ ಗಾಡಿ ಹೊರಡುತ್ತದೆ. ಈಗಷ್ಟೇ ಎಂದರೆ ಅವನ ತಪ್ಪೂ ಎಲ್ಲೂ ಇರುವುದಿಲ್ಲ. ಆ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು, ಕರೆಯದೆ, ಕೇಳದೆ, ಬೇಕಾದದ್ದು ಬೇಕಾದ ಕಡೆ ಬಂದು ನಿಲ್ಲುವ ಹಾಗೆ. ಅದನ್ನು ನುಂಗಿದ.

"ಇಲ್ಲ ತಂಗಿ," ಎಂದ. "ಈಗಷ್ಟೇ ಅಲ್ಲ. ಹರಾಜಿನ ಗಂಟೆ ಹೊಡೆದಾಗ ಕೈಯಿಂದ ರೊಟ್ಟಿ ಬಿತ್ತು. ಅದಕ್ಕೂ ಮೊದಲೇ ಮಾತು ತೊದಲಿತ್ತು. ನಾನು ಹಲ್ಲುನೋವು ಅಂದ್ಕೊಂಡೆ."

ಡಾಕ್ಟರು ಗೋಡೆಯ ಗಡಿಯಾರ ನೋಡಿದಳು. ಹರಾಜು ಶುರುವಾಗಿ ಆಗಲೇ ಎರಡು ಗಂಟೆ ಮೀರಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಫೋನಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹರಾಜಿನ ಗಂಟೆಯಾ?" ಎಂದಳು ಮಗಳು, ಕೇಳಿದ್ದು ತಲೆಗೆ ಹತ್ತದವಳಂತೆ. "ಮಂಡಿ ಖಾಲಿಯಾಗ್ತಾ ಬಂತಲ್ಲಣ್ಣ. ಅಲ್ಲಿಂದ ಇಲ್ಲೀವರೆಗೆ ಏನು ಮಾಡ್ತಿದ್ರಿ?"

"ನಿದ್ದೆ ಮಾಡ್ತಿದಾರೆ ಅಂತ ಕಿಟಕಿ ಮುಚ್ಚಿದೆ. ಮರೆ ಇಟ್ಟೆ."

 ಅಜ್ಜನ ತೆರೆದ ಕಣ್ಣು ಮಂಚದ ಮೇಲಿಂದ ಇಬ್ಬರನ್ನೂ ನೋಡುತ್ತಿತ್ತು. ಡಾಕ್ಟರು ಹೊರಬರುವಾಗ ಮೆತ್ತಣ್ಣನಿಗಷ್ಟೇ ಕೇಳುವಂತೆ, "ನಿಜ ಹೇಳಿದ್ದು ಒಳ್ಳೇದಾಯ್ತು," ಎಂದಳು. ಒಳ್ಳೆಯದೆಂಬುದು ಯಾವುದೂ ಅವನಿಗೆ ಅಲ್ಲಿ ಕಾಣಲಿಲ್ಲ.

ಅಜ್ಜ ಉಳಿದರು. ಬಲಭಾಗ ಸತ್ತು, ಮಾತು ಹೋಗಿ, ಮಗಳ ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ಉಳಿದರು. ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಜಿಯನ್ನು ತೆಳ್ಳಗೆ ಕಲಸಿ ಚಮಚದಲ್ಲಿ ಹಾಕಬೇಕು. ಅದಷ್ಟು ಹೊಟ್ಟೆಗೆ ಹೋದರೆ ಜೀವ ನಿಲ್ಲುತ್ತದೆ, ಹೋಗದಿದ್ದರೆ ಇಲ್ಲ ಎಂದು ಡಾಕ್ಟರು ಹೇಳಿದ್ದಳು.

ವ್ಯಾಪಾರಿಗಳು ಊಟವನ್ನು ಬಸ್ಸು ನಿಲ್ದಾಣದ ಹತ್ತಿರದ ಬೇರೆ ಹೋಟೆಲಿಗೆ ಬದಲಿಸಿದರು. ಸಣ್ಣ ಯಜಮಾನ ಮೆತ್ತಣ್ಣನಿಗೆ ಬೈಯಲಿಲ್ಲ, ಮಾತೂ ಆಡಲಿಲ್ಲ. ಬೈದವಳು ಅಡುಗೆ ಅಕ್ಕ. "ತಲೆ ತಗ್ಗಿಸಿ ಓಡಾಡಿದ್ರೆ ಆ ಮುದುಕರು ಎದ್ದು ಕೂತ್ಕೋತಾರಾ? ಹೋಗಿ ನೋಡ್ಕೊಂಡು ಬಾ," ಎಂದು ಒಂದು ಪಾತ್ರೆಯಲ್ಲಿ ಗಂಜಿ ಹಾಕಿ ಕೈಗಿಟ್ಟಳು.

ಅಂದಿನಿಂದ ಹೋಟೆಲು ತೆರೆಯುವ ಮೊದಲು ಅವನು ಅಲ್ಲಿಗೆ ಹೋಗತೊಡಗಿದ. ಮಗಳು ಒಳಗೆ ಕರೆದಳು, ಕೂರಲು ಮಣೆ ಕೊಟ್ಟಳು. ಅವಳಿಗೂ ಸಹಾಯ ಬೇಕಿತ್ತು. ಹೊಲಿಯಲು ಕೊಟ್ಟವರ ಬಟ್ಟೆಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು.

"ನೀವು ತಿನ್ನಿಸ್ತಿರಿ ಅಣ್ಣ. ನಾನು ನೀರು ತುಂಬಿಸ್ಕೊಂಡು ಬರ್ತೀನಿ."

ಮೆತ್ತಣ್ಣ ಚಮಚವನ್ನು ಅಜ್ಜನ ತುಟಿಗೆ ಹಿಡಿದ. ತುಟಿ ಬಿಗಿಯಿತು. ಬಡಿಸುವ ವಿದ್ಯೆಯೆಲ್ಲ ಬಲ್ಲವನು ಅವನು. ಬೇಡವೆಂದವರಿಗೆ ಒತ್ತಾಯ ಮಾಡಬಾರದು, ಹಿಂದೆ ಸರಿಯಬೇಕು. ಸರಿದ. ಸ್ವಲ್ಪ ತಡೆದು ಮತ್ತೆ ಹಿಡಿದ. ಗಂಜಿ ಗದ್ದದ ಮೇಲಿಂದ ಇಳಿದು ಕೊರಳಿಗೆ ಹರಿಯಿತು. ಒರೆಸಿದ. "ಬಿಸಿಯಾಯ್ತಾ ಅಜ್ಜ?" ಎಂದ. "ಉಪ್ಪು ಬೇಕಾ? ತಲೆದಿಂಬು ಎತ್ತರ ಮಾಡ್ಲಾ? ಏನು ಬೇಕು ಹೇಳಿ ಅಜ್ಜ, ಕಣ್ಣಲ್ಲಾದ್ರೂ ಹೇಳಿ." ಜೀವಮಾನದಲ್ಲಿ ಯಾರನ್ನೂ ಅಷ್ಟು ಪ್ರಶ್ನೆ ಕೇಳಿದವನಲ್ಲ. ಅಜ್ಜ ಮುಖವನ್ನು, ತಿರುಗುವಷ್ಟು, ಗೋಡೆಯ ಕಡೆ ತಿರುಗಿಸಿಕೊಂಡರು.

ಮಗಳು ಬಂದು ಬಟ್ಟಲು ನೋಡಿದಳು. ಹಾಕಿದ್ದು ಹಾ‌ಕಿದ ಹಾಗೇ ಇತ್ತು. ಅವಳು ಬಟ್ಟಲು ತೆಗೆದುಕೊಂಡು ತಂದೆಯ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತಳು. "ಬಾಯಿ ತೆಗೀರಿ ಅಪ್ಪ. ಇನ್ನೊಂದು. ಯಾಕೆ ಮುಖ ಕಿವುಚ್ತೀರಾ? ಹುಳಿಯಾಯ್ತಾ? ನುಂಗಿ. ನುಂಗಿದ್ರಾ? ಎಲ್ಲಿ, ತೋರ್ಸಿ." ಅಜ್ಜ ನುಂಗಿದರು. ಪ್ರತಿ ತುತ್ತಿಗೂ ಅವಳ ಕಣ್ಣು ಅವರ ಗಂಟಲಿನ ಮೇಲಿತ್ತು.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಅಜ್ಜ ಮಗಳ ಚಮಚಕ್ಕೂ ಬಾಯಿ ತೆರೆಯದೆ ಹೋದರು. ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಕಾದ. ಒಳಗಿನಿಂದ ಅವಳು ಗದರಿಸುವುದು, ಬೇಡಿಕೊಳ್ಳುವುದು ಕೇಳಿಸುತ್ತಿತ್ತು. ನುಂಗುವ ಸದ್ದು ಕೇಳಿಸಲಿಲ್ಲ.

ಅವಳು ಸೆರಗಿಗೆ ಕೈಯೊರೆಸಿಕೊಳ್ಳುತ್ತಾ ಹೊರಬಂದು ಹೊಸ್ತಿಲ ಮೇಲೆ ನಿಂತಳು. ಮಾತಿನಲ್ಲಿ ಕೋಪವಿರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವರ ದನಿಯಿತ್ತು.

"ನಾಳೆಯಿಂದ ಬರೋದು ಬೇಡ ಅಣ್ಣ. ನಿಮ್ಮ ಮೇಲೆ ನನಗೇನಿಲ್ಲ. ಆದ್ರೆ ನಿಮ್ಮನ್ನ ಕಂಡ ದಿನ ಅವರು ತಿನ್ನಲ್ಲ. ತಿನ್ನದಿದ್ರೆ ಉಳಿಯಲ್ಲ."

"ಕಾಣದ ಹಾಗೆ, ಹಿತ್ತಲಿಂದ ಬಂದು ಗಂಜಿ ಇಟ್ಟು ಹೋಗ್ತೀನಿ ತಂಗಿ. ಸದ್ದು ಮಾಡಲ್ಲ."

"ಅದೇ ಬೇಡ," ಎಂದಳು ಅವಳು. "ಸದ್ದಿಲ್ಲದೆ ಯಾರೂ ಈ ಮನೆಗೆ ಬರೋದು ಬೇಡ."

ಮೆತ್ತಣ್ಣ ಆಯಿತೆಂದು ತಲೆಯಾಡಿಸಿದ. ಒಳಗೆ ಹೊಲಿಗೆ ಯಂತ್ರದ ಮೇಲಿಟ್ಟಿದ್ದ ಗಂಜಿಯ ಪಾತ್ರೆ ಅಡುಗೆ ಅಕ್ಕನದು, ತೆಗೆದುಕೊಂಡು ಹೋಗಬೇಕಿತ್ತು. ಆದರೆ ಅದಕ್ಕಾಗಿ ಮಂಚದ ಮುಂದೆ ಹಾದುಹೋಗಬೇಕು. ಅವನು ಹಾಗೇ ಕಟ್ಟೆಯಿಳಿದು ಬರಿಗೈಯಲ್ಲಿ ಬೀದಿಗೆ ಬಂದ. ಹಿಂದೆ ಮಗಳು ಬಾಗಿಲು ಹಾಕಿಕೊಂಡು, ಮತ್ತೆ ಮೊದಲಿನಿಂದ, "ಬಾಯಿ ತೆಗೀರಿ ಅಪ್ಪ, ಅವರು ಹೋದ್ರು, ಬಾಯಿ ತೆಗೀರಿ," ಎನ್ನುತ್ತಿದ್ದಳು.